ಬೀಪ್ ಕೇಳಿಸಿತು, ಚಿತ್ರ ಮೂಡಲಿಲ್ಲ: ಬೆಟಗೇರಿಯ ಸ್ಟುಡಿಯೋ ಕಂಪ್ಯೂಟರಿನ ಒಂದು ಪ್ರಕರಣ

ವೈಶಾಖದ ಮದುವೆಗಳು ಮುಗಿದು, ವಿಡಿಯೋ ಯಾವಾಗ ಕೊಡುತ್ತೀರಿ ಎಂದು ಬೀಗರು ಫೋನ್ ಮಾಡತೊಡಗುವ ದಿನಗಳು. ನಾನು ಗದಗಿನ ನನ್ನ ಅಂಗಡಿಯ ಶಟರ್ ಎತ್ತುವ ಮೊದಲೇ ಬೆಟಗೇರಿಯ ಸ್ಟುಡಿಯೋದ ಹುಡುಗ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಹಳೆಯ ಚಾದರದಲ್ಲಿ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆ. ನಮ್ಮ ಕಡೆ ಎಲ್ಲರೂ ಅದನ್ನು ಸಿಪಿಯು ಎಂದೇ ಕರೆಯುತ್ತಾರೆ.

"ಕಾಕಾ, ಗ್ರಾಫಿಕ್ಸ್ ಕಾರ್ಡ್ ಹಾಕಿದೆವು. ಅಂದಿನಿಂದ ಸಿಸ್ಟಂ ಬೂಟ್ ಆಗುತ್ತಿಲ್ಲ. ಕಾರ್ಡ್ ತೆಗೆದರೂ ಆಗುತ್ತಿಲ್ಲ. ಹಾರ್ಡ್‌ಡಿಸ್ಕ್ ಸುಟ್ಟುಹೋಯಿತೋ ಏನೋ" ಎಂದ. ಮೂರು ಮದುವೆಗಳ ಚಿತ್ರೀಕರಣ ಅದರಲ್ಲಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಅಳಿಸಿ ಮುಂದಿನ ಕೆಲಸಕ್ಕೆ ಒಯ್ದಾಗಿತ್ತು. ಬೇರೆ ಪ್ರತಿ ಇರಲಿಲ್ಲ.

ಗದಗ ಮುದ್ರಣಕ್ಕೆ ಹೆಸರಾದ ಊರು. ನನ್ನಲ್ಲಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ಪ್ರೆಸ್ಸುಗಳ ಡಿಟಿಪಿ ಕಂಪ್ಯೂಟರುಗಳು. ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಪುಸ್ತಕಗಳ ಅಕ್ಷರ ಜೋಡಿಸುವಂಥವು. ಅವಕ್ಕೆ ಪರದೆಗೆ ಚಿತ್ರ ಕಳಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಬೀಳುವುದಿಲ್ಲ. ಡ್ರೋನ್ ಮತ್ತು 4ಕೆ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋದವರಿಗೆ ಅದು ಬೇಕಾಗಿದೆ. ಹೊಸ ಯಂತ್ರ ಕೊಳ್ಳುವಷ್ಟು ಹಣ ಒಮ್ಮೆಗೇ ಕೂಡಿಬರುವುದಿಲ್ಲ, ಹಾಗಾಗಿ ಯಾರೋ ಬಳಸಿಬಿಟ್ಟ ಕಾರ್ಡನ್ನು ತಂದು ಹಳೆಯ ಯಂತ್ರಕ್ಕೆ ಕೂರಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪ್ರಕರಣದಲ್ಲಿ "ಬೂಟ್ ಆಗುತ್ತಿಲ್ಲ" ಎಂಬ ಒಂದೇ ಮಾತಿನ ಅಡಿಯಲ್ಲಿ ಮೂರು ದೋಷಗಳು ಒಂದರ ಮೇಲೊಂದು ಕುಳಿತಿದ್ದವು. ಒಂದು ಕಾರ್ಡಿನ ಜೊತೆಗೆ ಬಂದದ್ದು. ಒಂದು ರಿಪೇರಿ ಮಾಡಲು ಹೋಗಿ ಮಾಡಿಕೊಂಡದ್ದು. ಇನ್ನೊಂದು, ನನ್ನ ಕಣ್ಣೆದುರೇ ಇದ್ದರೂ ನಾನು ನೋಡದೆ ಬಿಟ್ಟದ್ದು. ಅದಕ್ಕೇ ಇದನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಯಂತ್ರ ಇಂಥದ್ದು: ಇಂಟೆಲ್ ಕೋರ್ ಐ5-4460 ಪ್ರೊಸೆಸರ್, 2014ರ ಮಾದರಿ. ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್. 16 ಜಿಬಿ ಡಿಡಿಆರ್3 ರ್‍ಯಾಮ್. ವಿಂಡೋಸ್ 10 ಇರುವ 240 ಜಿಬಿಯ ಎಸ್‌ಎಸ್‌ಡಿ, ವಿಡಿಯೋಗಳಿಗೆ 2 ಟಿಬಿಯ ಹಾರ್ಡ್‌ಡಿಸ್ಕ್. ಅಲ್ಲಿಯವರೆಗೆ ಬೇರೆ ಕಾರ್ಡ್ ಇರಲಿಲ್ಲ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ನಿಂದ, ಬೋರ್ಡಿನ ವಿಜಿಎ ಎಂಬ ಹಳೆಯ ಬಗೆಯ ಪೋರ್ಟಿನ ಮೂಲಕ ಹಳೆಯ ಮಾನಿಟರಿಗೆ ಚಿತ್ರ ಹೋಗುತ್ತಿತ್ತು. ಹೊಸದಾಗಿ ಸೇರಿದ್ದು ಬಳಸಿದ ಜಿಟಿಎಕ್ಸ್ 1660 ಸೂಪರ್ ಕಾರ್ಡ್. 2019ರಲ್ಲಿ ಬಂದ ಈ ಕಾರ್ಡಿನಲ್ಲಿ 6 ಜಿಬಿ ಮೆಮೊರಿ ಇದೆ, ವಿಡಿಯೋವನ್ನು ಎನ್‌ಕೋಡ್ ಮಾಡಲೆಂದೇ ಪ್ರತ್ಯೇಕ ಭಾಗವಿದೆ. ಮದುವೆ ವಿಡಿಯೋ ಮಾಡುವವರಿಗೆ ಒಳ್ಳೆಯ ಆಯ್ಕೆ. ಬೋರ್ಡಿನ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್‌ನ ಎರಡನೇ ಪೀಳಿಗೆಯದು, ಕಾರ್ಡ್ ಮೂರನೆಯದು. ಅದರಿಂದ ವೇಗ ತುಸು ಕಡಿಮೆಯಾಗಬಹುದು, ಬೂಟ್ ನಿಲ್ಲುವುದಿಲ್ಲ.

ಕೈ ಹಾಕುವ ಮೊದಲು ಕೇಳಿದ್ದು

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಾನು ಒಂದು ಹಾಳೆ ತೆಗೆದುಕೊಂಡೆ. "ತಮ್ಮಾ, ಮೊದಲು ಏನು ಮಾಡಿದಿರಿ, ಆಮೇಲೆ ಏನು, ಒಂದೊಂದಾಗಿ ಹೇಳು. ನಾಚಿಕೊಂಡು ಯಾವುದನ್ನೂ ಬಿಡಬೇಡ" ಎಂದೆ. ಗಿರಾಕಿ ಮುಚ್ಚಿಡುವುದು ಮೋಸಕ್ಕಲ್ಲ, ಬೈಸಿಕೊಳ್ಳುವ ಹೆದರಿಕೆಗೆ. ಹೆದರಿಕೆ ಹೋದರೆ ಅರ್ಧ ರೋಗ ಅಲ್ಲೇ ಸಿಗುತ್ತದೆ.

ಆತ ಹೇಳಿದ ಕ್ರಮ ಹೀಗಿತ್ತು. ಪಾಲಿಟೆಕ್ನಿಕ್‌ನಲ್ಲಿ ಓದುವ ತಮ್ಮ ರಾತ್ರಿ ಕಾರ್ಡನ್ನು ಸ್ಲಾಟಿಗೆ ಕೂರಿಸಿದ. ಕಾರ್ಡಿಗೆ ಎಂಟು ಪಿನ್ನಿನ ಕರೆಂಟ್ ಬೇಕಿತ್ತು, ಯಂತ್ರದ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ ಅಂಥ ತಂತಿ ಇರಲಿಲ್ಲ. ಕಾರ್ಡ್ ಮಾರಿದವರು ಜೊತೆಗೆ ಕೊಟ್ಟಿದ್ದ ಅಡಾಪ್ಟರ್ ಬಳಸಿ, ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರ್ ತಂತಿಯಿಂದ ಕರೆಂಟ್ ಕೊಟ್ಟರು. ಆನ್ ಮಾಡಿದಾಗ ಫ್ಯಾನುಗಳೆಲ್ಲ ತಿರುಗಿದವು, ಮಾನಿಟರಿನಲ್ಲಿ "ನೋ ಸಿಗ್ನಲ್" ಬಂತು. ತಿಳಿದವರೊಬ್ಬರಿಗೆ ಫೋನ್ ಮಾಡಿದರು. ಅವರು ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಲು ಹೇಳಿದರು, ಉಜ್ಜಿದರು. ಬೋರ್ಡಿನ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಲು ಹೇಳಿದರು, ಅದನ್ನೂ ಮಾಡಿದರು. ಆಗಲೂ ನೋ ಸಿಗ್ನಲ್. ಕೊನೆಗೆ ಕಾರ್ಡನ್ನೇ ತೆಗೆದರು. ಈಗ ಚಿತ್ರ ಬಂತು, ಆದರೆ ನೀಲಿ ಪರದೆ. ವಿಂಡೋಸ್ ಏಳಲೇ ಇಲ್ಲ. ಕಾರ್ಡನ್ನು ಮತ್ತೆ ಹಾಕಿ ಹಾಗೆಯೇ ಚಾದರದಲ್ಲಿ ಸುತ್ತಿ ತಂದಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆ ನಮ್ಮ ಕಸುಬಿನಲ್ಲಿ ದಿನವೂ ನಿಜವಾಗುತ್ತದೆ. ರ್‍ಯಾಮ್ ಉಜ್ಜುವುದು, ಸೆಲ್ ತೆಗೆಯುವುದು ಎರಡೂ ಕೆಟ್ಟ ಉಪಾಯಗಳಲ್ಲ. ಅವುಗಳಿಗೆ ತಮ್ಮದೇ ಸಂದರ್ಭವಿದೆ. ಆದರೆ ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಇನ್ನೊಂದನ್ನು ಬದಲಾಯಿಸಿದ್ದರಿಂದ, ಯಾವ ಬದಲಾವಣೆ ಏನನ್ನು ಮಾಡಿತು ಎಂಬುದು ಅವರಿಗೆ ತಿಳಿಯದೇ ಹೋಯಿತು. ಹಾಳೆಯಲ್ಲಿ ನಾನು ಸೆಲ್ ತೆಗೆದ ಸಾಲಿನ ಕೆಳಗೆ ಗೆರೆ ಎಳೆದೆ.

ಮೊದಲು ಮಾಡಿದ್ದು 2 ಟಿಬಿ ಡಿಸ್ಕನ್ನು ಬಿಚ್ಚಿ ನನ್ನ ಯಂತ್ರಕ್ಕೆ ಹಚ್ಚಿದ್ದು. ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ. ಮೂರೂ ಮದುವೆಗಳ ಫೋಲ್ಡರುಗಳು ತೆರೆದವು. ಒಂದು ಕಡತ ಒತ್ತಿದಾಗ ಅಕ್ಷತೆ ಬೀಳುವ ದೃಶ್ಯ, ಹಿಂದೆ ಶಹನಾಯಿ. ಹುಡುಗ ಅದನ್ನು ನೋಡಿ ಏನೂ ಹೇಳಲಿಲ್ಲ, ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ಬಂದ. ಸುಮಾರು 640 ಜಿಬಿಯನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಲು ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಆ ಹೊತ್ತು ವ್ಯರ್ಥವೆಂದು ನನಗೆ ಅನ್ನಿಸುವುದೇ ಇಲ್ಲ. ಯಂತ್ರದ ಬಿಡಿಭಾಗ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಇನ್ನೊಬ್ಬರ ಮನೆಯ ಧಾರೆಯ ಗಳಿಗೆ ಎಲ್ಲಿಯೂ ಸಿಗುವುದಿಲ್ಲ.

ಕಿವಿಯಿಂದ ಸಿಕ್ಕ ಸುಳಿವು

ಈಗ ಯಂತ್ರ ಬಂದಂತೆಯೇ, ಏನನ್ನೂ ಮುಟ್ಟದೆ ನೋಡಬೇಕಿತ್ತು. ಎರಡನ್ನು ಮಾತ್ರ ಬದಲಿಸಿದೆ. ಸಾಟಾ ಅಡಾಪ್ಟರ್ ಕಂಡ ಕೂಡಲೇ ಅದನ್ನು ತೆಗೆದು ಬದಿಗಿಟ್ಟು, ಕಾರ್ಡಿಗೂ ಬೋರ್ಡಿಗೂ ನನ್ನ ಪರೀಕ್ಷೆಯ ಎಸ್‌ಎಂಪಿಎಸ್‌ನಿಂದ ಕರೆಂಟ್ ಕೊಟ್ಟೆ. ಈ ಅಡಾಪ್ಟರ್ ಏಕೆ ಅಪಾಯ ಎಂಬುದು ಲೆಕ್ಕದಲ್ಲೇ ಇದೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಸಣ್ಣ ಪಿನ್ನುಗಳು, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಎಂಟು ಪಿನ್ನಿನ ಕಾರ್ಡ್ ಕನೆಕ್ಟರ್ 150 ವ್ಯಾಟ್‌ವರೆಗೆ ಕೇಳಬಹುದಾದದ್ದು. ಕೇಳಿದಷ್ಟನ್ನು ಆ ಸಣ್ಣ ಪಿನ್ನುಗಳಿಂದ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ. ಇಂಥ ಅಡಾಪ್ಟರನ್ನು ಮಾರುವುದೇ ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಎರಡನೆಯದು ಬಝರ್. ಇಂದಿನ ಕ್ಯಾಬಿನೆಟ್ಟುಗಳಲ್ಲಿ ಸ್ಪೀಕರ್ ಇರುವುದಿಲ್ಲ, ಹಾಗಾಗಿ ಯಂತ್ರ ತನ್ನ ನೋವನ್ನು ಹೇಳಿಕೊಂಡರೂ ಯಾರಿಗೂ ಕೇಳುವುದಿಲ್ಲ. ಬೋರ್ಡಿನ ಮೂಲೆಯಲ್ಲಿ ನಾಲ್ಕು ಪಿನ್ನುಗಳ ಸಾಲೊಂದಿರುತ್ತದೆ. ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಬಝರನ್ನು ಅಲ್ಲಿ ಚುಚ್ಚಿದೆ. ವಿಜಿಎ ತಂತಿಯನ್ನು ಅವರು ಹಚ್ಚುತ್ತಿದ್ದಂತೆಯೇ ಬೋರ್ಡಿನ ಪೋರ್ಟಿಗೆ ಹಚ್ಚಿ, ಆನ್ ಮಾಡಿ, ಅಂಗಡಿಯ ಫ್ಯಾನ್ ಆರಿಸಿ ಕಿವಿಗೊಟ್ಟೆವು.

ಒಂದು ಸಣ್ಣ ಬೀಪ್.

ಮಾನಿಟರ್ ಕಪ್ಪಾಗಿಯೇ ಇತ್ತು. ಕೀಬೋರ್ಡಿನ ನಮ್‌ಲಾಕ್ ಒತ್ತಿದೆ. ಹಸಿರು ದೀಪ ಹೊತ್ತಿ ಆರಿತು. ಬಹುತೇಕ ಬೋರ್ಡುಗಳಲ್ಲಿ ಒಂದೇ ಸಣ್ಣ ಬೀಪ್ ಎಂದರೆ ಆರಂಭದ ತಪಾಸಣೆ ಮುಗಿಯಿತು, ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಮೂರೂ ಸಿಕ್ಕಿವೆ ಎಂದರ್ಥ. ಕಾರ್ಡ್ ಕೆಟ್ಟಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ಒಂದು ಉದ್ದ, ಎರಡೋ ಮೂರೋ ಗಿಡ್ಡ ಬೀಪುಗಳು ಬರುತ್ತವೆ. ರ್‍ಯಾಮ್ ಸಿಗದಿದ್ದರೆ ಕೂಗು ಬೇರೆಯೇ ಇರುತ್ತದೆ. ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶವಾದ ಬಯೋಸ್ ಮಾಡಿದವರನ್ನು ಅನುಸರಿಸಿ ಈ ಸಂಕೇತಗಳು ಬದಲಾಗುತ್ತವೆ, ಬೋರ್ಡಿನ ಕೈಪಿಡಿ ನೋಡಿಯೇ ನಿರ್ಧರಿಸಬೇಕು.

ನಾವು ಇನ್ನೂ ಕೇಳುತ್ತಲೇ ಇದ್ದೆವು. ಅರ್ಧ ನಿಮಿಷ ಕಳೆದಿರಬಹುದು, ಮತ್ತೊಂದು ಬೀಪ್. ಯಾರೂ ಗುಂಡಿ ಒತ್ತಿರಲಿಲ್ಲ. ಆಮೇಲೆ ಮೌನ.

ಆ ಎರಡನೇ ಬೀಪ್ ನನಗೆ ಬಹಳಷ್ಟನ್ನು ಹೇಳಿತು. ಮೊದಲ ಬೀಪಿಗೆ ಯಂತ್ರ ಸರಿಯಾಗಿ ಎದ್ದಿದೆ. ಎದ್ದು ಸ್ವಲ್ಪ ದೂರ ನಡೆದು ಬಿದ್ದಿದೆ, ತಾನಾಗಿ ಮತ್ತೆ ಎದ್ದಿದೆ. ಅಂದರೆ ಇಲ್ಲಿ ಎರಡು ದೋಷಗಳಿವೆ, ಒಂದಕ್ಕೊಂದು ಸಂಬಂಧವಿಲ್ಲ. ಚಿತ್ರ ಕಾಣದಿರುವುದು ಒಂದು. ವಿಂಡೋಸ್ ಬೀಳುತ್ತಿರುವುದು ಇನ್ನೊಂದು. ಪರದೆ ಕಪ್ಪಾಗಿದ್ದರಿಂದ ಮೊದಲನೆಯದು ಎರಡನೆಯದನ್ನು ಮುಚ್ಚಿತ್ತು. ಕಾರ್ಡ್ ತೆಗೆದಾಗ ಎರಡನೆಯದು ಬಯಲಿಗೆ ಬಂದು, ಅದೇ ಮೊದಲಿನಿಂದ ಇದ್ದ ರೋಗ ಎಂದು ಅವರಿಗೆ ಅನ್ನಿಸಿತ್ತು.

ಮೊದಲನೆಯದಕ್ಕೆ ಮದ್ದು ಬಹಳ ಹತ್ತಿರದಲ್ಲಿತ್ತು. ನನ್ನ ಮೇಜಿನ ಮಾನಿಟರಿನ ಎಚ್‌ಡಿಎಂಐ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿನ ಹಿಂಭಾಗಕ್ಕೆ ಚುಚ್ಚಿದೆ. ಚಿತ್ರ ತಕ್ಷಣ ಬಂತು. ಕಾರ್ಡಿಗೆ ಏನೂ ಆಗಿರಲಿಲ್ಲ. ಇಂಥ ಬೋರ್ಡುಗಳಲ್ಲಿ ಪ್ರತ್ಯೇಕ ಕಾರ್ಡ್ ಕಂಡ ಕೂಡಲೇ ಬಯೋಸ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಅನ್ನು ತಾನಾಗಿಯೇ ನಿಲ್ಲಿಸುತ್ತದೆ. ಆಗ ಬೋರ್ಡಿನ ವಿಜಿಎ ಪೋರ್ಟ್ ಬತ್ತಿದ ನಲ್ಲಿಯಂತೆ. ಹುಡುಗರಿಗೆ ಇದು ಹೊಳೆಯದಿರಲು ಕಾರಣವಿತ್ತು. ಅವರ ಮಾನಿಟರಿಗೆ ಇದ್ದದ್ದು ವಿಜಿಎ ಒಂದೇ, ಕಾರ್ಡಿನಲ್ಲಿ ವಿಜಿಎ ಇಲ್ಲ. ಇದ್ದ ತಂತಿಯನ್ನು ಇದ್ದ ಜಾಗಕ್ಕೇ ಹಚ್ಚಿದರು. ಗಿರಾಕಿಗಳಿಗೆ ತೋರಿಸಲು ಗೋಡೆಗೆ ಹಾಕಿದ್ದ ಟಿವಿಗೆ ಎಚ್‌ಡಿಎಂಐ ಇತ್ತು. ಆ ರಾತ್ರಿ ಅದನ್ನೊಮ್ಮೆ ಹಚ್ಚಿ ನೋಡಿದ್ದರೆ ರ್‍ಯಾಮ್ ಉಜ್ಜುವ, ಸೆಲ್ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸೆಲ್ ತೆಗೆದದ್ದರ ಫಲ

ನನ್ನ ಮಾನಿಟರಿನಲ್ಲಿ ಕಂಡದ್ದು ವಿಂಡೋಸ್‌ನ ಸ್ವಯಂ ದುರಸ್ತಿಯ ಪರದೆ. ಸತತವಾಗಿ ಏಳಲಾಗದಿದ್ದಾಗ ವಿಂಡೋಸ್ 10 ಅಲ್ಲಿಗೆ ಬಂದು ನಿಲ್ಲುತ್ತದೆ. ಎರಡನೇ ಬೀಪಿನ ಬಳಿಕದ ಮೌನ ಅದೇ. ಮತ್ತೆ ಆರಂಭಿಸಿದಾಗ ನೀಲಿ ಪರದೆಯಲ್ಲಿ "ಇನ್ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ಸಾಲು. ವಿಂಡೋಸ್ ಓಡಲು ಶುರುವಾಗಿದೆ, ಆದರೆ ತಾನು ಕುಳಿತಿರುವ ಡಿಸ್ಕನ್ನು ತಾನೇ ಓದಲಾಗುತ್ತಿಲ್ಲ ಎಂದು ಅದರ ಅರ್ಥ.

ಬಯೋಸ್ ತೆರೆದೆ. ದಿನಾಂಕ 2014ಕ್ಕೆ ಹೋಗಿ ನಿಂತಿತ್ತು. ಸೆಲ್ ತೆಗೆದಾಗ ಎಲ್ಲ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿದ್ದವು. ಬೋರ್ಡ್ ಡಿಸ್ಕನ್ನು ಓದುವ ವಿಧಾನ ಆಯುವ ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ಇತ್ತು. ಇದೇ ಸಹಜ, ಇದೇ ಒಳ್ಳೆಯದು ಕೂಡ. ಹಾಗಿದ್ದರೆ ವಿಂಡೋಸ್ ಏಕೆ ಬೀಳಬೇಕು?

"ಈ ವಿಂಡೋಸ್ ಇದೇ ಯಂತ್ರದಲ್ಲಿ ಹಾಕಿದ್ದೋ?" ಎಂದು ಕೇಳಿದೆ. ಇಲ್ಲವಂತೆ. ಅವರ ತಂದೆಯ ಕಾಲದ ಹಳೆಯ ಕಂಪ್ಯೂಟರಿನ ಡಿಸ್ಕನ್ನೇ ನಕಲು ಮಾಡಿ ಇದಕ್ಕೆ ತಂದಿದ್ದರು, ಫೋಟೊ ತಂತ್ರಾಂಶಗಳನ್ನು ಮತ್ತೆ ಹಾಕುವ ತಾಪತ್ರಯ ಬೇಡವೆಂದು. ವಿಂಡೋಸ್ 7 ಇದ್ದದ್ದು ಆಮೇಲೆ 10 ಆಗಿತ್ತು. ಆ ಹಳೆಯ ಯಂತ್ರದಲ್ಲಿ ಡಿಸ್ಕ್ ಐಡಿಇ ಎಂಬ ಹಳೆಯ ವಿಧಾನದಲ್ಲಿ ಓಡುತ್ತಿತ್ತು, ಅಂದು ಕೆಲಸ ಮಾಡಿದವರು ಈ ಬೋರ್ಡಿನಲ್ಲೂ ಐಡಿಇ ಆಯ್ದು ಬಿಟ್ಟಿದ್ದರು. ವರ್ಷಗಟ್ಟಲೆ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಸೆಲ್ ತೆಗೆದ ರಾತ್ರಿ ಆ ಸೆಟ್ಟಿಂಗ್ ಅಳಿಸಿಹೋಯಿತು; ಎಎಚ್‌ಸಿಐ ಚಾಲಕವನ್ನು (ಡ್ರೈವರ್ ತಂತ್ರಾಂಶ) ಬೂಟ್ ವೇಳೆಗೆ ಎಬ್ಬಿಸಿಕೊಳ್ಳಲು ಸಿದ್ಧವಿರದ ವಿಂಡೋಸ್ ಮುಗ್ಗರಿಸಿತು.

ಊಹೆಯನ್ನು ಪರೀಕ್ಷಿಸುವುದು ಸುಲಭ. ಐಡಿಇ ಆಯ್ದು ಉಳಿಸಿ ಹೊರಬಂದೆ. ವಿಂಡೋಸ್ ಎದ್ದಿತು. ಹುಡುಗನ ಮಗಳ ಚಿತ್ರವಿರುವ ಡೆಸ್ಕ್‌ಟಾಪ್ ಕಾಣಿಸಿತು.

ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಸೆಲ್ ತೆಗೆದು ಮಲ್ಟಿಮೀಟರಿನಿಂದ ಅಳೆದರೆ 2.4 ವೋಲ್ಟ್, ಸಿಆರ್2032 ಸೆಲ್ಲಿಗೆ 3 ವೋಲ್ಟ್ ಇರಬೇಕು. ಹೇಗೂ ಅದು ಇನ್ನು ಕೆಲವೇ ತಿಂಗಳಲ್ಲಿ ಸಾಯುತ್ತಿತ್ತು, ಆಗ ಯಾರೂ ಮುಟ್ಟದೆಯೇ ಸೆಟ್ಟಿಂಗ್ ಅಳಿದು ಇದೇ ನೀಲಿ ಪರದೆ ಮತ್ತೆ ಬರುತ್ತಿತ್ತು. ಸೆಲ್ ಬದಲಿಸಿದ್ದಲ್ಲದೆ, ವಿಂಡೋಸನ್ನೇ ಎಎಚ್‌ಸಿಐಗೆ ಒಗ್ಗಿಸಿದೆ. ಐಡಿಇಯಲ್ಲಿ ಇರುವಾಗಲೇ ಮುಂದಿನ ಬಾರಿ ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡಿನಲ್ಲಿ ಏಳುವಂತೆ ಹೇಳಿಡಬೇಕು, ರೀಸ್ಟಾರ್ಟ್ ಮಾಡಿ ಬಯೋಸ್‌ನಲ್ಲಿ ಎಎಚ್‌ಸಿಐ ಆಯ್ಕೆ ಮಾಡಬೇಕು. ಸೇಫ್ ಮೋಡಿನಲ್ಲಿ ವಿಂಡೋಸ್ ಬೇಕಾದ ಚಾಲಕವನ್ನು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಸೇಫ್ ಮೋಡಿನ ಗುರುತು ತೆಗೆದರೆ ಮುಗಿಯಿತು. ಹೀಗೆ ಮಾಡುವ ಮೊದಲು ಪಾಸ್‌ವರ್ಡ್ ನೆನಪಿದೆಯೇ ಎಂದು ಕೇಳಿಕೊಳ್ಳಿ. ಸೇಫ್ ಮೋಡಿನಲ್ಲಿ ಪಿನ್ ಸಂಖ್ಯೆ ಕೆಲಸ ಮಾಡದೇ ಇರಬಹುದು. ಈಗ ಸೆಲ್ ಮತ್ತೆ ಸತ್ತರೂ ಬೋರ್ಡ್ ಹೋಗಿ ನಿಲ್ಲುವ ಸ್ಥಿತಿ ಮತ್ತು ವಿಂಡೋಸ್ ಬಯಸುವ ಸ್ಥಿತಿ ಒಂದೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಫೋನಿನಲ್ಲಿ ಸಲಹೆ ಕೊಟ್ಟವರು ಬಯೋಸ್‌ನಲ್ಲಿ ಸಿಎಸ್‌ಎಂ ಎಂಬುದನ್ನು ಆಫ್ ಮಾಡಲೂ ಹೇಳಿದ್ದರಂತೆ. ಹಳೆಯ ಬಯೋಸ್ ಪದ್ಧತಿಯಲ್ಲಿ ಬೂಟ್ ಆಗುವ ಡಿಸ್ಕುಗಳನ್ನು ಹೊಸ ಯುಇಎಫ್‌ಐ ಬೋರ್ಡಿನಲ್ಲಿ ಓಡಿಸಲು ಇರುವ ಸೌಲಭ್ಯ ಅದು. ಈ ಎಸ್‌ಎಸ್‌ಡಿ ಹಳೆಯ ಎಂಬಿಆರ್ ವಿಂಗಡಣೆಯದು. ಸಿಎಸ್‌ಎಂ ಆಫ್ ಮಾಡಿದ್ದರೆ ನೀಲಿ ಪರದೆಯೂ ಬರುತ್ತಿರಲಿಲ್ಲ, ಬೂಟ್ ಮಾಡುವ ಡಿಸ್ಕೇ ಇಲ್ಲ ಎಂದು ಯಂತ್ರ ಹೇಳುತ್ತಿತ್ತು, ಪ್ರಕರಣಕ್ಕೆ ಇನ್ನೊಂದು ಪದರ ಸೇರುತ್ತಿತ್ತು. ಚಿತ್ರ ಕಾಣದೆ ಅವರಿಗೆ ಬಯೋಸ್ ತೆರೆಯಲಾಗಲಿಲ್ಲ ಎಂಬುದೇ ಅಂದು ಒದಗಿದ ಪುಣ್ಯ.

ನಾನು ನೋಡದೆ ಬಿಟ್ಟದ್ದು

ಪ್ರೊಸೆಸರಿನ ಫ್ಯಾನಿನಡಿ ಹತ್ತಿಯ ಎಳೆಗಳು ಕಂಬಳಿಯಂತೆ ಕೂಡಿದ್ದವು. ಸ್ಟುಡಿಯೋದ ಗೋಡೆಯ ಆಚೆ ಮಗ್ಗಗಳಿವೆ. ಬ್ಲೋವರ್ ಹಿಡಿದು ಸ್ವಚ್ಛ ಮಾಡಿ ಪ್ರೊಸೆಸರಿನ ಬಿಸಿ ಸಾಗಿಸುವ ಪೇಸ್ಟ್ ಬದಲಿಸಿದೆ. ಅವರ ಮಾನಿಟರಿಗಾಗಿ ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವ, ಒಳಗೆ ಚಿಪ್ ಇರುವ ಪರಿವರ್ತಕ ಕೊಟ್ಟೆ. ಈ ಕಾರ್ಡ್ ಹೊರಗೆ ಕೊಡುವುದು ಡಿಜಿಟಲ್ ಸಂಕೇತ ಮಾತ್ರ, ಬರಿಯ ತಂತಿ ಜೋಡಿಸಿದ ಅಗ್ಗದ ಅಡಾಪ್ಟರಿನಿಂದ ವಿಜಿಎ ಹುಟ್ಟುವುದಿಲ್ಲ. ಆಮೇಲೆ ಅವರ ಎಸ್‌ಎಂಪಿಎಸ್ ಮರಳಿ ಕೂರಿಸಿದೆ. ಅದರ ಮೇಲೆ ದೊಡ್ಡದಾಗಿ 450 ಎಂದು ಬರೆದಿತ್ತು. ಈ ಕಾರ್ಡಿಗೆ ತಯಾರಕರು ಹೇಳುವುದೂ 450 ವ್ಯಾಟ್. ಸಾಟಾ ಅಡಾಪ್ಟರ್ ಬದಲು ಎರಡು ಮೋಲೆಕ್ಸ್ (ನಾಲ್ಕು ಪಿನ್ನಿನ ಹಳೆಯ ಬಗೆಯ ಪವರ್ ಕನೆಕ್ಟರ್) ತಂತಿಗಳಿಂದ ಎಂಟು ಪಿನ್ ಮಾಡುವ ಅಡಾಪ್ಟರ್ ಹಾಕಿದೆ. ವಿಂಡೋಸ್ ಎದ್ದಿತು, ಚಾಲಕ ಹಾಕಿದೆ, ವಿಡಿಯೋ ಒಂದನ್ನು ಓಡಿಸಿ ನೋಡಿ ಕಳಿಸಿಕೊಟ್ಟೆ. ಕತ್ತಲಾಗುತ್ತಿತ್ತು, ಆತನಿಗೂ ಅವಸರವಿತ್ತು. ಎಸ್‌ಎಂಪಿಎಸ್‌ನ ವಿವರದ ಚೀಟಿ ಕ್ಯಾಬಿನೆಟ್ಟಿನ ತಗಡಿನ ಕಡೆಗೆ ಮುಖ ಮಾಡಿತ್ತು. ನಾಲ್ಕು ಸ್ಕ್ರೂ ಬಿಚ್ಚಿದ್ದಾಗಲೇ ಅದನ್ನು ತಿರುಗಿಸಿ ಓದಬೇಕಿತ್ತು, ಓದಲಿಲ್ಲ.

ಎರಡು ದಿನದ ಮೇಲೆ ಫೋನ್ ಬಂತು. "ಕಾಕಾ, ಎಡಿಟಿಂಗ್ ಎಲ್ಲ ಹೂವಿನಂತೆ ಆಗುತ್ತದೆ. ಎಕ್ಸ್‌ಪೋರ್ಟ್ ಒತ್ತಿದರೆ ನಾಲ್ಕೈದು ನಿಮಿಷಕ್ಕೆ ಸಿಸ್ಟಂ ಆಫ್ ಆಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಆನ್ ಕೂಡ ಆಗುವುದಿಲ್ಲ."

ಮಲ್ಟಿಮೀಟರ್ ಹಿಡಿದು ನಾನೇ ಬೆಟಗೇರಿಗೆ ಹೋದೆ. ಹೆಸ್ಕಾಂ ಕರೆಂಟ್ ಇತ್ತು, ಯಂತ್ರ 600 ವಿಎ ಯುಪಿಎಸ್ ಮೇಲಿತ್ತು. ಮೊದಲು ಯುಪಿಎಸ್ ಮೇಲೆ ಅನುಮಾನ ಬರುವುದು ಸಹಜ, ಆದರೆ ಯುಪಿಎಸ್ ಕೈಕೊಟ್ಟಿದ್ದರೆ ಅದಕ್ಕೇ ಹಚ್ಚಿದ ಮಾನಿಟರೂ ಆರಬೇಕಿತ್ತು. ಇಲ್ಲಿ ಮಾನಿಟರ್ ಉಳಿದು "ನೋ ಸಿಗ್ನಲ್" ತೋರಿಸುತ್ತಿತ್ತು. ವಿಂಡೋಸ್‌ನ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಇತ್ತು; ಯಂತ್ರ ಹೇಳದೆ ಕೇಳದೆ ಆರಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ, ಕಾರಣವನ್ನಲ್ಲ. ಬಿಸಿಯ ಅಂಕಿಗಳನ್ನು ತೆರೆದಿಟ್ಟು, ಪೂರ್ತಿ ವಿಡಿಯೋ ಕಡತ ಮಾಡಿಸುವ ಎಕ್ಸ್‌ಪೋರ್ಟ್ ಒತ್ತಿಸಿದೆ. ಪ್ರೊಸೆಸರ್ 71 ಡಿಗ್ರಿ, ಕಾರ್ಡ್ 66. ಆರಿಹೋಗುವಂಥ ಬಿಸಿ ಅದಲ್ಲ.

ಉಳಿದದ್ದು ಒಂದೇ. ಬಿಡುವಾಗಿದ್ದ ಒಂದು ಮೋಲೆಕ್ಸ್ ಕನೆಕ್ಟರಿನ ಹಳದಿ ತಂತಿಯ ತೂತಿಗೆ ಕೆಂಪು ಮೊನೆ, ಕಪ್ಪು ತಂತಿಯದಕ್ಕೆ ಕಪ್ಪು ಮೊನೆ. ಯಂತ್ರ ಸುಮ್ಮನಿದ್ದಾಗ 12.08 ವೋಲ್ಟ್. ಟೈಮ್‌ಲೈನ್ ಓಡಿಸಿದಾಗ 11.7. ಎಕ್ಸ್‌ಪೋರ್ಟ್ ಒತ್ತಿದ ಮೇಲೆ 11.5, 11.4, ನಿಧಾನವಾಗಿ ಇಳಿಯುತ್ತಲೇ ಹೋಯಿತು. ಹುಡುಗ, ಅವನ ತಮ್ಮ, ನಾನು ಮೂವರೂ ಮೀಟರನ್ನೇ ನೋಡುತ್ತಿದ್ದೆವು. 12 ವೋಲ್ಟಿನಲ್ಲಿ ಶೇಕಡಾ 5ರಷ್ಟು ಏರಿಳಿತಕ್ಕೆ ಎಟಿಎಕ್ಸ್ ನಿಯಮ ಅವಕಾಶ ಕೊಡುತ್ತದೆ, ಅಂದರೆ 11.4ರವರೆಗೆ. 11.28 ಕಂಡದ್ದೇ ಕೊನೆ, ಫ್ಯಾನುಗಳು ಒಮ್ಮೆಲೇ ನಿಂತವು. ಕಾರ್ಡಿಗೆ ಹೋಗುವ ಮೋಲೆಕ್ಸ್ ಕನೆಕ್ಟರನ್ನು ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಬಿಚ್ಚಿ ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಹಳದಿ ತಂತಿಯ ತೂತಿನ ಸುತ್ತ ಕಾಫಿ ಬಣ್ಣದ ಉಂಗುರ ಮೂಡಿತ್ತು.

ಆಗ ಎಸ್‌ಎಂಪಿಎಸ್ ಹೊರತೆಗೆದು ಚೀಟಿ ಓದಿದೆ. 450 ಎಂಬ ದೊಡ್ಡ ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೋಷ್ಟಕ. 12 ವೋಲ್ಟಿನ ಮನೆಯಲ್ಲಿ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. 3.3 ಮತ್ತು 5 ವೋಲ್ಟಿನ ಮನೆಗಳಲ್ಲಿ ದೊಡ್ಡ ದೊಡ್ಡ ಆಂಪಿಯರ್ ತೋರಿಸಿ ಎಲ್ಲವನ್ನೂ ಕೂಡಿಸಿ 450 ಮಾಡಿದ್ದರು. ಇಂದಿನ ಯಂತ್ರದಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಮ್ಮ ಅನ್ನವನ್ನು ಬಹುಪಾಲು 12 ವೋಲ್ಟಿನ ಒಲೆಯಿಂದಲೇ ಪಡೆಯುತ್ತವೆ. ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದು ಹುಡುಗರಿಗೆ ತೋರಿಸಿದೆ: ಪ್ರೊಸೆಸರ್ 84, ಕಾರ್ಡ್ 125, ಡಿಸ್ಕು, ಫ್ಯಾನು, ಬೋರ್ಡಿಗೆ ಸುಮಾರು 30. ಒಟ್ಟು 240ರ ಹತ್ತಿರ. ಇರುವುದು 168. ಕಾರ್ಡಿಗೆ ಸ್ಲಾಟ್ ಮೂಲಕವೇ 75 ವ್ಯಾಟ್‌ವರೆಗೆ ಬರುತ್ತದಲ್ಲ ಎಂದು ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆ. ಸ್ಲಾಟಿಗೆ ಬರುವುದೂ ಇದೇ ಎಸ್‌ಎಂಪಿಎಸ್‌ನಿಂದ. ದಾರಿ ಎರಡಾದರೂ ಬಾವಿ ಒಂದೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ದೊಡ್ಡ ಅಂಕಿಯನ್ನು ಕಂಡೆ, ಸಣ್ಣ ಅಂಕಿಯಿಂದ ಪ್ರಮಾಣಿಸಲಿಲ್ಲ. ಡೆಸ್ಕ್‌ಟಾಪ್ ಬಂದದ್ದನ್ನೇ ಗುಣವಾದದ್ದೆಂದು ತಿಳಿದೆ. ಪೂರ್ತಿ ಭಾರ ಹೊರಿಸಿ ನೋಡಿರಲಿಲ್ಲ. ಹುಡುಗನಿಗೆ ಇದನ್ನು ಹಾಗೆಯೇ ಹೇಳಿದೆ, ಎರಡನೇ ಭೇಟಿಗೆ ಹಣ ತೆಗೆದುಕೊಳ್ಳಲಿಲ್ಲ.

ಬೇಕಾದದ್ದು ಹುಬ್ಬಳ್ಳಿಯಿಂದ ಮರುದಿನ ಬಸ್ಸಿನಲ್ಲಿ ಬಂತು. 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ ಎಸ್‌ಎಂಪಿಎಸ್. 12 ವೋಲ್ಟಿನಲ್ಲಿ 45 ಆಂಪಿಯರ್, ಅಂದರೆ ಅದೊಂದರಲ್ಲೇ 540 ವ್ಯಾಟ್. ಹತ್ತು ವರ್ಷ ದಾಟಿದ ಯಂತ್ರಕ್ಕೆ ಇಷ್ಟು ಖರ್ಚು ಬೇಕೇ ಎಂದು ಆತನ ತಾಯಿ ಕೇಳಿದರು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, ಬೋರ್ಡನ್ನು ಎಂದಾದರೂ ಬದಲಿಸಲೇಬೇಕು ಎಂಬುದನ್ನು ಮುಚ್ಚಿಡದೆ ಹೇಳಿದೆ. ಕಾರ್ಡ್ ಮತ್ತು ಎಸ್‌ಎಂಪಿಎಸ್ ಎರಡೂ ಮುಂದಿನ ಯಂತ್ರಕ್ಕೆ ಹಾಗೆಯೇ ಹೋಗುತ್ತವೆ, ಅವುಗಳಿಗೆ ಹಾಕಿದ ಹಣ ಉಳಿಯುತ್ತದೆ. ಈ ಬೋರ್ಡಿಗಾಗಿ ಹೊಸದಾಗಿ ಡಿಡಿಆರ್3 ರ್‍ಯಾಮ್ ಕೊಳ್ಳಬೇಡಿ ಎಂದೂ ಹೇಳಿದೆ.

ಜೋಡಿಸುವ ಕೆಲಸವನ್ನು ತಮ್ಮನ ಕೈಯಿಂದಲೇ ಮಾಡಿಸಿದೆ. ಒಂದೇ ಕಡೆ ತಡೆದೆ. ಪ್ರೊಸೆಸರಿಗೆ ಹೋಗುವ ತಂತಿಗೂ ಎಂಟು ತೂತು, ಕಾರ್ಡಿಗೆ ಹೋಗುವುದಕ್ಕೂ ಎಂಟು ತೂತು. ಈಗಿನ ತಂತಿಗಳೆಲ್ಲ ಕಪ್ಪು, ಬಣ್ಣ ನೋಡಿ ತಿಳಿಯುವಂತಿಲ್ಲ. ಪ್ರೊಸೆಸರಿನದು ನಾಲ್ಕು ಮತ್ತು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಒಳಗೆ 12 ವೋಲ್ಟ್ ಮತ್ತು ನೆಲದ ತಂತಿಗಳ ಸ್ಥಾನ ಅದಲುಬದಲಾಗಿವೆ. ತೂತುಗಳ ಆಕಾರ ಬೇರೆಯಿದ್ದು ತಪ್ಪು ತಂತಿ ಸುಲಭವಾಗಿ ಹೋಗುವುದಿಲ್ಲ. ಹೋಗದಿದ್ದಾಗ ಬಲ ಹಾಕಿ ಒತ್ತಿದವರ ಕಾರ್ಡುಗಳನ್ನು ನಾನು ನೋಡಿದ್ದೇನೆ. ಅವನು ಕನೆಕ್ಟರಿನ ಬದಿಯಲ್ಲಿ ಉಬ್ಬಿದ ಅಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದಿ, ನನ್ನ ಕಡೆ ತಿರುಗಿ ತೋರಿಸಿ, ಆಮೇಲೆ ಚುಚ್ಚಿದ. ಟಕ್ ಎಂದು ಕೊಂಡಿ ಕೂತಿತು.

ಎಕ್ಸ್‌ಪೋರ್ಟ್ ಒತ್ತಿ ಮೀಟರ್ ಹಚ್ಚಿಟ್ಟು ಚಹಾ ಕುಡಿದೆವು. 12.04. ನಲವತ್ತು ನಿಮಿಷ 11.98ಕ್ಕಿಂತ ಕೆಳಗೆ ಇಳಿಯಲಿಲ್ಲ. ಮೊದಲ ಮದುವೆಯ ಕಡತ ಪೂರ್ತಿಯಾಯಿತು.

ಹೊರಡುವ ಮೊದಲು ಕ್ಯಾಬಿನೆಟ್ಟಿನ ಬದಿಯ ತಗಡಿನ ಒಳಗೆ ಒಂದು ಚೀಟಿ ಅಂಟಿಸಿದೆ. ಮಾನಿಟರ್ ತಂತಿ ಕಾರ್ಡಿಗೆ ಮಾತ್ರ. ಸಾಟಾ ಎಎಚ್‌ಸಿಐ. ಸಿಎಸ್‌ಎಂ ಆನ್. ಸೆಲ್ ಬದಲಿಸಿದ ತಾರೀಕು. 12 ವೋಲ್ಟ್ 45 ಆಂಪಿಯರ್. ಬಝರನ್ನೂ ಬೋರ್ಡಿನಲ್ಲೇ ಬಿಟ್ಟು ಬಂದೆ.